ಯಾವ ದೇಶ ಎಂದು ಕೇಳುವ ಮೊದಲು

(ಧಾರವಾಡದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಶಿಫಾರಸು ಪತ್ರ ಕೇಳಿಕೊಂಡು ನನ್ನ ಕೊಠಡಿಗೆ ಬರುವ ಮಕ್ಕಳ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ, ಈಗ ಯಾವ ದೇಶ ಚಲೋ ಐತ್ರಿ?" ಪಾಲಕರು ಅದನ್ನೇ ಇನ್ನೊಂದು ರೀತಿ ಕೇಳುತ್ತಾರೆ: "ಎಲ್ಲಿಗೆ ಕಳಿಸಿದ್ರ ಹುಡುಗ ಲಗೂನ ಸೆಟ್ಲ್ ಆಗ್ತಾನ್ರಿ?" ಪ್ರಶ್ನೆಯ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ದೇಶದಿಂದಲೇ ಶುರು ಮಾಡಿದರೆ ವಿಶ್ವವಿದ್ಯಾಲಯ, ಕೋರ್ಸು, ಸಾಲ ಎಲ್ಲವನ್ನೂ ಬೇರೆ ಯಾರೋ ತೀರ್ಮಾನಿಸಿ ನಿಮ್ಮ ಕೈಗಿಡುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬಗ್ಗೆ.

ಈ ಎರಡು ಮೂರು ವರ್ಷಗಳಲ್ಲಿ ಏನೇನಾಯಿತು ಎಂದು ಸ್ವಲ್ಪ ನೋಡಿ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಜೀವನ ವೆಚ್ಚಕ್ಕೆಂದು ತೋರಿಸಬೇಕಾದ ಹಣವನ್ನು ಅದೇ ತಿಂಗಳು 10,000 ಡಾಲರ್‌ನಿಂದ 20,635 ಕೆನಡಿಯನ್ ಡಾಲರ್‌ಗೆ ಏರಿಸಿತು. ನಮ್ಮ ಮಕ್ಕಳು ಬೇಗ ವೀಸಾ ಪಡೆಯುತ್ತಿದ್ದ ಎಸ್‌ಡಿಎಸ್ ಎಂಬ ದಾರಿಯನ್ನು ನವೆಂಬರಿನಲ್ಲಿ ಮುಚ್ಚಿತು. ಇಂಗ್ಲೆಂಡಿನಲ್ಲಿ ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷ ಇದ್ದು ಕೆಲಸ ಹುಡುಕಲು ಅವಕಾಶವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಜರ್ಮನಿ ಎಂದರೆ ಫೀ ಇಲ್ಲ ಎಂದು ನಾವೆಲ್ಲ ಹೇಳುತ್ತಿದ್ದೆವು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 2,000ದಿಂದ 6,000 ಯೂರೊವರೆಗೆ ಫೀ ಹಾಕಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಂತೂ 2017ರಿಂದಲೇ ಸೆಮಿಸ್ಟರಿಗೆ 1,500 ಯೂರೊ ಇದೆ.

ನೀವು ಅರ್ಜಿ ಹಾಕುವ ದಿನ ಇದ್ದ ನಿಯಮ ಪದವಿ ಕೈಗೆ ಬರುವ ದಿನವೂ ಇರುತ್ತದೆ ಎಂದು ಯಾವ ದೇಶವೂ ಬರೆದುಕೊಟ್ಟಿಲ್ಲ. ಹಾಗಾಗಿ ಪ್ರತಿಯೊಂದು ಆಯ್ಕೆಗೂ ನಾನು ಒಂದು ಪರೀಕ್ಷೆ ಇಡುತ್ತೇನೆ: ಕೋರ್ಸು ಮುಗಿದ ಮೇಲೆ ಅಲ್ಲಿ ಕೆಲಸ ಸಿಗದೆ ಹುಬ್ಬಳ್ಳಿಗೆ ವಾಪಸ್ ಬರಬೇಕಾಯಿತು ಎಂದಿಟ್ಟುಕೊಳ್ಳಿ. ಆಗ ಕಲಿತದ್ದಕ್ಕೆ ಇಲ್ಲಿ ಬೆಲೆ ಇರುತ್ತದೆಯೆ? ಮಾಡಿದ ಸಾಲವನ್ನು ಇಲ್ಲಿಯ ಸಂಬಳದಲ್ಲಿ ತೀರಿಸಲು ಆಗುತ್ತದೆಯೆ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಧೈರ್ಯವಾಗಿ ಹೋಗಿ. ಅಲ್ಲೇ ನೌಕರಿ ಸಿಕ್ಕರೆ ಇನ್ನೂ ಒಳ್ಳೆಯದಾಯಿತು.

ವಾಪಸ್ ಬರುವುದು ಎಂದ ಕೂಡಲೇ ಕೆಲವರ ಮುಖ ಸಣ್ಣದಾಗುತ್ತದೆ. ಅದಕ್ಕೇ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳುತ್ತೇನೆ. ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು, 1938ರಲ್ಲಿ ಮರಳಿದರು. ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಅಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವರನ್ನು ಕರೆಯುವಂತೆ ರ‍್ಯಾಂಗ್ಲರ್ ಆದರು. ಆಮೇಲೆ 1954ರಿಂದ 1967ರವರೆಗೆ ಇದೇ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಇವತ್ತು ನೀವು ನೋಡುವ ಆ ಕ್ಯಾಂಪಸ್ ಬೆಳೆದದ್ದು ಅವರ ಕಾಲದಲ್ಲಿ. ಅವರ ಕಾಲ ಬೇರೆ, ನಿಮ್ಮ ಕಾಲ ಬೇರೆ, ಒಪ್ಪುತ್ತೇನೆ. ಆದರೆ ಹೋಗುವಾಗ ಅವರಿಗೆ ಏನು ಓದಬೇಕು ಎಂಬುದು ಸ್ಪಷ್ಟವಿತ್ತು. ಅಷ್ಟನ್ನಾದರೂ ಅವರಿಂದ ತೆಗೆದುಕೊಳ್ಳಬಹುದು.

ಈಗ ಕೋರ್ಸಿನ ವಿಷಯ. ಇಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದ, ಗದಗ ಕಡೆಯ ಒಬ್ಬ ಹುಡುಗಿ ಇಂಗ್ಲೆಂಡಿನ ಆಫರ್ ಲೆಟರ್ ಹಿಡಿದುಕೊಂಡು ಬಂದಳು. ಒಂದು ವರ್ಷದ ಎಂ.ಎಸ್ಸಿ. ಡೇಟಾ ಸೈನ್ಸ್. ಡಿಪಾಸಿಟ್ ಕಟ್ಟಲು ಹತ್ತು ದಿನ ಉಳಿದಿತ್ತು. ನಾನು ಕೋರ್ಸಿನ ಪುಟ ತೆಗೆದು, ಅವಳ ಅಂಕಪಟ್ಟಿಗಳನ್ನು ಪಕ್ಕದಲ್ಲಿಟ್ಟೆ. "ಒಂದೊಂದ ವಿಷಯ ಜೋರಾಗಿ ಓದವಾ" ಎಂದೆ. ಪೈಥಾನ್ ಪ್ರೋಗ್ರಾಮಿಂಗ್ ಪರಿಚಯ. ಡೇಟಾಬೇಸ್ ಮೂಲತತ್ವಗಳು. ಸಂಖ್ಯಾಶಾಸ್ತ್ರದ ಮೊದಲ ಪಾಠಗಳು. ಮಷೀನ್ ಲರ್ನಿಂಗ್ ಪ್ರವೇಶಿಕೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳೇ ನಿಲ್ಲಿಸಿದಳು. "ಸರ, ಇದನ್ನೆಲ್ಲ ನಾ ಐದನೇ, ಆರನೇ ಸೆಮಿಸ್ಟರ್‌ದಾಗ ಓದೀನ್ರಿ." ಕೆಳಗೆ ಪ್ರವೇಶ ಅರ್ಹತೆಯ ಜಾಗದಲ್ಲಿ ಬರೆದಿತ್ತು: ಯಾವುದೇ ವಿಷಯದ ಪದವೀಧರರು ಅರ್ಜಿ ಹಾಕಬಹುದು.

ಈ ಒಂದು ಸಾಲನ್ನು ದಯವಿಟ್ಟು ಗಮನದಲ್ಲಿಡಿ. ಯಾವ ಪದವಿಯಾದರೂ ನಡೆಯುತ್ತದೆ ಎಂದರೆ ಆ ಕೋರ್ಸು ಶುರುವಾಗುವುದು ಸೊನ್ನೆಯಿಂದ. ಇಂಥವನ್ನು ಅಲ್ಲಿ ಕನ್ವರ್ಷನ್ ಕೋರ್ಸ್ ಎನ್ನುತ್ತಾರೆ. ಬಿ.ಕಾಂ. ಓದಿದವರಿಗೆ, ಕೃಷಿ ಬಿ.ಎಸ್ಸಿ. ಮಾಡಿ ದಾರಿ ಬದಲಿಸಬೇಕು ಎನ್ನುವವರಿಗೆ ಅದು ನಿಜಕ್ಕೂ ಉಪಯೋಗದ್ದು. ಕಂಪ್ಯೂಟರ್ ಸೈನ್ಸ್‌ನಲ್ಲೇ ನಾಲ್ಕು ವರ್ಷ ಕಳೆದವಳಿಗೆ ಅದು ಲಕ್ಷಾಂತರ ರೂಪಾಯಿ ಕೊಟ್ಟು ಮೂರನೇ ವರ್ಷವನ್ನು ಮತ್ತೊಮ್ಮೆ ಓದಿದಂತೆ. ಅವಳು ಡಿಪಾಸಿಟ್ ಕಟ್ಟಲಿಲ್ಲ. ಮುಂದಿನ ಎರಡು ತಿಂಗಳು ತಾನೇ ಕೂತು ಹುಡುಕಿ, ಲೀನಿಯರ್ ಆಲ್ಜಿಬ್ರಾ ಮತ್ತು ಪ್ರಾಬಬಿಲಿಟಿಯಲ್ಲಿ ಇಷ್ಟು ಕ್ರೆಡಿಟ್ ಇರಲೇಬೇಕು ಎಂದು ಕೇಳುವ, ಕೊನೆಯಲ್ಲಿ ಆರು ತಿಂಗಳ ಥೀಸಿಸ್ ಇರುವ ಕೋರ್ಸುಗಳ ಪಟ್ಟಿ ಮಾಡಿಕೊಂಡು ಬಂದಳು. ಬಾಗಿಲಲ್ಲಿ ನಿಲ್ಲಿಸಿ "ನಿನಗೇನು ಬರುತ್ತದೆ?" ಎಂದು ಕೇಳುವ ಕೋರ್ಸು ಒಳಗೆ ಏನಾದರೂ ಕಲಿಸುತ್ತದೆ ಎಂಬುದು ನನ್ನ ಅನುಭವ.

ಬ್ಯಾಡಗಿ ಮಾರುಕಟ್ಟೆಗೆ ಹೋದವರು ನೋಡಿರುತ್ತೀರಿ. ಚೀಲದ ಬಾಯಲ್ಲಿ ಕಾಣುವ ಮೆಣಸಿನಕಾಯಿ ನೋಡಿ ಯಾರೂ ದರ ಕಟ್ಟುವುದಿಲ್ಲ. ಮೊಣಕೈತನಕ ಕೈ ಹಾಕಿ ತಳದ್ದನ್ನು ತೆಗೆದು, ಮುರಿದು, ಬಣ್ಣ ನೋಡಿ, ಆಮೇಲೆ ಮಾತು. ಕೋರ್ಸಿನ ವಿಷಯದಲ್ಲಿ ತಳದವರೆಗೆ ಕೈ ಹಾಕುವುದು ಎಂದರೆ ಮಾಡ್ಯೂಲ್ ಪಟ್ಟಿ, ಅಂದರೆ ಅಲ್ಲಿ ಕಲಿಸುವ ವಿಷಯಗಳ ಪಟ್ಟಿ ಓದುವುದು. ಜರ್ಮನಿಯಲ್ಲಾದರೆ ಪ್ರತಿ ಕೋರ್ಸಿಗೂ ಮೊಡುಲ್‌ಹಾಂಡ್‌ಬುಖ್ ಎಂಬ ಕಡತವೇ ಇರುತ್ತದೆ. ಯಾವ ವಿಷಯ, ಎಷ್ಟು ಕ್ರೆಡಿಟ್, ಯಾರು ಕಲಿಸುತ್ತಾರೆ, ಪರೀಕ್ಷೆ ಬರೆಯುವುದೋ ಬಾಯಿ ಮಾತಿನದೋ, ಎಲ್ಲವೂ ಅದರಲ್ಲಿ ಸಿಗುತ್ತದೆ. ಪಾಠ ಮಾಡುವವರ ಹೆಸರು ಸಿಕ್ಕ ಮೇಲೆ ಅವರ ಪುಟಕ್ಕೆ ಹೋಗಿ, ಅವರು ಈಗ ಯಾವುದರ ಮೇಲೆ ಕೆಲಸ ಮಾಡುತ್ತಿದ್ದಾರೆ ನೋಡಿ.

"ಹಂಗಾದ್ರ ರ‍್ಯಾಂಕಿಂಗ್ ಬ್ಯಾಡೇನ್ರಿ?" ಎಂದು ಕೇಳುತ್ತೀರಿ. ನೋಡಿ, ಆದರೆ ಅದು ಏನನ್ನು ಅಳೆಯುತ್ತದೆ ಎಂದು ತಿಳಿದುಕೊಂಡು ನೋಡಿ. ಕ್ಯೂಎಸ್ ಪಟ್ಟಿಯಲ್ಲಿ ಶೇಕಡಾ 30ರಷ್ಟು ಅಂಕ ಬರುವುದು ಪ್ರಾಧ್ಯಾಪಕರ ನಡುವೆ ನಡೆಸುವ ಅಭಿಪ್ರಾಯ ಸಮೀಕ್ಷೆಯಿಂದ. 2003ರಲ್ಲಿ ಶುರುವಾದ ಶಾಂಘೈ ಪಟ್ಟಿ ನೊಬೆಲ್ ಮತ್ತು ಫೀಲ್ಡ್ಸ್ ಪದಕ ಪಡೆದ ಅಧ್ಯಾಪಕರಿಗೆ ಶೇಕಡಾ 20, ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಶೇಕಡಾ 10 ಕೊಡುತ್ತದೆ. ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಹೋಗುವ ನಿಮಗೆ ಇದರಿಂದ ಗೊತ್ತಾಗುವುದು ಬಹಳ ಕಡಿಮೆ. ಜರ್ಮನಿಯ ಹೋಖ್‌ಶೂಲೆಗಳು, ಅಂದರೆ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯಗಳು, ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅಲ್ಲಿ ಸುತ್ತಲಿನ ಕಾರ್ಖಾನೆಗಳ ಜೊತೆ ಸೇರಿ ಥೀಸಿಸ್ ಮಾಡುತ್ತಾರೆ. ಗೋಕುಲ ರೋಡಿನ ಕೈಗಾರಿಕಾ ಪ್ರದೇಶದಲ್ಲಿ ಇಂಟರ್ನ್‌ಶಿಪ್ ಮಾಡಿ ಕೈ ಪಳಗಿಸಿಕೊಂಡ ಮೆಕ್ಯಾನಿಕಲ್ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಇನ್ನು ಕನ್ಸಲ್ಟೆನ್ಸಿಗಳು. ವಿದ್ಯಾನಗರದಿಂದ ಸಪ್ತಾಪುರದವರೆಗೆ ಬೋರ್ಡುಗಳಿವೆ. ಅಲ್ಲಿ ಕೆಲಸ ಮಾಡುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಶ್ರದ್ಧೆಯಿಂದ ಮಾಡುತ್ತಾರೆ. ಆದರೆ "ನಮ್ಮ ಸೇವೆ ಉಚಿತ" ಎಂದು ಬರೆದಿರುವ ಕಡೆ ಬಾಡಿಗೆ, ಸಂಬಳ ಎಲ್ಲಿಂದ ಬರುತ್ತದೆ ಎಂದು ಪಾಲಕರು ಕೇಳಬೇಕು. ಹುಡುಗ ಸೇರಿದ ಮೇಲೆ ವಿಶ್ವವಿದ್ಯಾಲಯ ಮೊದಲ ವರ್ಷದ ಫೀಯ ಒಂದು ಪಾಲನ್ನು ಕಮಿಷನ್ ಆಗಿ ಕೊಡುತ್ತದೆ. ಇದು ಗುಟ್ಟೇನಲ್ಲ, ಕಾನೂನುಬಾಹಿರವೂ ಅಲ್ಲ. ಆದರೆ ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಆ ಟೇಬಲ್ಲಿನ ಮೇಲೆ ಬರುವ ಸಂಭವ ಕಡಿಮೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ದುಡ್ಡು ಕೊಡುವುದಿಲ್ಲ. ಖಾಸಗಿ ಸಂಸ್ಥೆಗಳು ಕೊಡುತ್ತವೆ. ಹೀಗಾಗಿ "ಜರ್ಮನಿ" ಎಂದು ಹೇಳಿಕೊಂಡು ಹೋದ ಹುಡುಗ ಸರ್ಕಾರಿ ವಿಶ್ವವಿದ್ಯಾಲಯದ ಹೆಸರನ್ನೇ ಕೇಳದೆ, ಫೀ ಕಟ್ಟುವ ಖಾಸಗಿ ಕಾಲೇಜಿನ ಆಫರ್ ಹಿಡಿದು ಬರುತ್ತಾನೆ. ಡಾಡ್ ಎಂದು ಕರೆಯುವ ಜರ್ಮನಿಯ ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳ ದೊಡ್ಡ ಪಟ್ಟಿ ಬಿಟ್ಟಿಯಾಗಿ ಸಿಗುತ್ತದೆ. ಅಮೆರಿಕಕ್ಕೆ ಎಜುಕೇಷನ್ ಯುಎಸ್‌ಎ ಎಂಬ ಅಲ್ಲಿಯ ಸರ್ಕಾರದ್ದೇ ಸಲಹಾ ವ್ಯವಸ್ಥೆ ಇದೆ. ಅರ್ಜಿ ತುಂಬಲು, ವೀಸಾ ಕಾಗದ ಜೋಡಿಸಲು ಕನ್ಸಲ್ಟೆನ್ಸಿಗೆ ಹೋಗುವುದಾದರೆ ಹೋಗಿ. ಪಟ್ಟಿಯನ್ನು ಮಾತ್ರ ಮನೆಯಲ್ಲೇ ಮಾಡಿಕೊಂಡು ಹೋಗಿ.

ಜರ್ಮನಿಯ ಕೋರ್ಸಿಗೆ ಅರ್ಹರೋ ಇಲ್ಲವೋ ಎಂದು ತಿಳಿಯಲೂ ಯಾರನ್ನೂ ಕೇಳಬೇಕಿಲ್ಲ. ಜರ್ಮನಿಯವರು ನಮ್ಮ ಅಂಕಗಳನ್ನು ತಮ್ಮ ಅಳತೆಗೆ ತಿರುಗಿಸುವ ಲೆಕ್ಕ ಬಹಳ ಸರಳ. ಗರಿಷ್ಠ ಅಂಕದಲ್ಲಿ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ 8 ಸಿಜಿಪಿಎ ಇದ್ದು ಪಾಸಾಗಲು 4 ಬೇಕಿದ್ದರೆ ನಿಮ್ಮದು 2.0. ನೂರಕ್ಕೆ 65 ಇದ್ದು ಪಾಸ್ 40 ಆಗಿದ್ದರೆ 2.75. ಅಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 2.5ರ ಒಳಗೆ ಇರಬೇಕು ಎಂದು ಕೇಳುವ ಕೋರ್ಸುಗಳು ಬಹಳ, ಹಾಗಾಗಿ ಎರಡನೆಯವನು ಎಲ್ಲಿ ಅರ್ಜಿ ಹಾಕಬಾರದು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹೇಗೂ ಜರ್ಮನಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ಅಸಲಿಯೋ ಎಂದು ಅವರು ಪರಿಶೀಲಿಸುತ್ತಾರೆ, ಅದಕ್ಕೆ ಸಮಯ ಹಿಡಿಯುತ್ತದೆ.

ಬಿ.ಎಸ್ಸಿ., ಬಿ.ಕಾಂ. ಮಕ್ಕಳಿಗೆ ಒಂದು ಮಾತು. ನಮ್ಮ ರಾಜ್ಯ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಮಾಸ್ಟರ್ಸ್‌ಗೆ ಹದಿನಾರು ವರ್ಷದ ಓದು ಕೇಳುತ್ತವೆ. ಇಂಗ್ಲೆಂಡ್, ಜರ್ಮನಿಗಳಲ್ಲಿ ಮೂರು ವರ್ಷದ ಪದವಿ ಸಾಮಾನ್ಯವಾಗಿ ನಡೆಯುತ್ತದೆ. ಅರ್ಜಿ ಶುಲ್ಕ ಕಟ್ಟುವ ಮೊದಲು ವಿಭಾಗಕ್ಕೆ ನೇರವಾಗಿ ಇಮೇಲ್ ಬರೆದು ಕೇಳಿ, ಉತ್ತರ ಬರುತ್ತದೆ. ಹಾಗೆಯೇ ಅಮೆರಿಕದಲ್ಲಿ ಪ್ರತಿ ಕೋರ್ಸಿಗೂ ಸಿಐಪಿ ಎಂಬ ಸಂಖ್ಯೆ ಇರುತ್ತದೆ. ಓದು ಮುಗಿದ ಮೇಲೆ ಕೆಲಸದ ಅನುಮತಿ ಹನ್ನೆರಡು ತಿಂಗಳೋ, ಇನ್ನೂ 24 ತಿಂಗಳು ಸೇರಿ ಮೂರು ವರ್ಷವೋ ಎಂಬುದು ಆ ಸಂಖ್ಯೆಯ ಮೇಲೆ ನಿಂತಿದೆ. ಹೆಸರು ಒಂದೇ ಥರ ಇರುವ ಎರಡು ಕೋರ್ಸುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ಮಾನ್ಯತೆಯ ವಿಷಯ ಬಹಳ ಗಂಭೀರ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾಲಯವನ್ನು ಮುಚ್ಚಿದಾಗ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ನಮ್ಮ ದೇಶದ ಮಕ್ಕಳು. 2019ರಲ್ಲಿ ಬಯಲಾದ ಮಿಶಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯವನ್ನಂತೂ ಅಲ್ಲಿಯ ಸರ್ಕಾರವೇ ಬಲೆ ಬೀಸಲು ಹುಟ್ಟುಹಾಕಿತ್ತು. ಜಾಲತಾಣ ಇತ್ತು, ವಿಳಾಸ ಇತ್ತು. ತರಗತಿ ಇರಲಿಲ್ಲ, ಅಧ್ಯಾಪಕರಿರಲಿಲ್ಲ. ಅಲ್ಲಿಯೂ ಬಂಧನಕ್ಕೊಳಗಾದವರಲ್ಲಿ ಬಹುಪಾಲು ಭಾರತೀಯರು. ಹಾಗಾಗಿ ಆಯಾ ದೇಶದ ಸರ್ಕಾರಿ ಪಟ್ಟಿಯಲ್ಲೇ ನೋಡಿ: ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತೆ ಪಟ್ಟಿ, ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಇರುವ ಸಂಸ್ಥೆಗಳ ಪಟ್ಟಿಗಳಾದ ಆಸ್ಟ್ರೇಲಿಯಾದ ಕ್ರೈಕೋಸ್, ಕೆನಡಾದ ಡಿಎಲ್‌ಐ ಪಟ್ಟಿ. ಕೆನಡಾದಲ್ಲಿ ಡಿಎಲ್‌ಐ ಇದ್ದರಷ್ಟೇ ಸಾಲದು. ಓದಿನ ನಂತರದ ಕೆಲಸದ ಪರ್ಮಿಟ್‌ಗೆ ಆ ಕಾಲೇಜು, ಆ ಕೋರ್ಸು ಅರ್ಹವೇ ಎಂದು ಪ್ರತ್ಯೇಕವಾಗಿ ನೋಡಬೇಕು. ಆಫರ್ ಲೆಟರ್‌ನಲ್ಲಿ ಕ್ಯಾಂಪಸ್ ಯಾವ ಊರಿನದು ಎಂಬುದನ್ನೂ ಓದಿ. ವಿಶ್ವವಿದ್ಯಾಲಯದ ಹೆಸರು ಒಂದು ಊರಿನದು, ಪಾಠ ನಡೆಯುವುದು ಲಂಡನ್ನಿನ ಆಫೀಸ್ ಕಟ್ಟಡದ ಎರಡು ಮಹಡಿಯಲ್ಲಿ, ಇಂಥವೂ ಇವೆ. ವಾಪಸ್ ಬಂದು ಇಲ್ಲಿ ಅಧ್ಯಾಪಕರಾಗುವ, ಸರ್ಕಾರಿ ನೌಕರಿಗೆ ಹೋಗುವ ಆಸೆ ಇದ್ದರೆ ವಿದೇಶಿ ಪದವಿಗಳನ್ನು ಇಲ್ಲಿಯ ಪದವಿಗೆ ಸಮಾನವೆಂದು ಒಪ್ಪುವ ಬಗೆಗಿನ ಯುಜಿಸಿಯ 2025ರ ನಿಯಮಗಳನ್ನು ಓದಲೇಬೇಕು. ಫ್ರಾಂಚೈಸಿ ಏರ್ಪಾಡಿನಲ್ಲಿ, ಅಂದರೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೇರೆ ಸಂಸ್ಥೆ ಪಾಠ ನಡೆಸುವ ಕಡೆ ಪಡೆದ ಪದವಿಗೆ ಅದರಲ್ಲಿ ಜಾಗವಿಲ್ಲ.

ಎಂಬಿಬಿಎಸ್‌ಗೆ ಹೊರಗೆ ಕಳಿಸಬೇಕೆಂದಿರುವ ಪಾಲಕರು ಇಲ್ಲಿದ್ದೀರಿ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹುಡುಗ ನಮ್ಮ ಹಾವೇರಿ ಜಿಲ್ಲೆಯವನು. ಆ ನೋವು ಈ ಭಾಗದ ಯಾವ ಮನೆಯೂ ಮರೆತಿಲ್ಲ. ಯುದ್ಧವನ್ನು ಯಾರೂ ಮೊದಲೇ ಕಾಣಲಾರರು. ಕಾಣಬಹುದಾದದ್ದನ್ನು ಮಾತ್ರ ಬಿಡಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2021ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು, ಆ ಪದವಿಯಿಂದ ಆ ದೇಶದಲ್ಲೇ ವೈದ್ಯಕೀಯ ವೃತ್ತಿ ಮಾಡಲು ಬರಬೇಕು. ನೀಟ್ ಪಾಸಾಗಿರಲೇಬೇಕು. ಮರಳಿದ ಮೇಲೆ, ಹೊರಗೆ ಓದಿದವರು ಇಲ್ಲಿ ವೈದ್ಯರಾಗಲು ಬರೆಯುವ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಪಡೆಯಬೇಕು. "ಎನ್‌ಎಂಸಿ ಅನುಮೋದಿತ ಕಾಲೇಜು" ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಹೊರದೇಶದ ಕಾಲೇಜುಗಳಿಗೆ ಆಯೋಗ ಅನುಮೋದನೆ ಕೊಡುವುದಿಲ್ಲ. ಇನ್ನೊಂದು ಪ್ರಶ್ನೆ ಕೇಳಿ: ನಾಲ್ಕನೇ ವರ್ಷದಲ್ಲಿ ವಾರ್ಡಿನೊಳಗೆ ರೋಗಿ ಯಾವ ಭಾಷೆ ಮಾತಾಡುತ್ತಾನೆ? ರೋಗಿಯ ಮಾತು ತಿಳಿಯದೆ ಕಳೆದ ಎರಡು ವರ್ಷ ಎಫ್‌ಎಂಜಿಇಯಲ್ಲಿ ಎದ್ದು ಕಾಣುತ್ತದೆ.

ದುಡ್ಡಿನ ಲೆಕ್ಕವನ್ನು ಮನೆಮಂದಿಯೆಲ್ಲ ಕೂತು, ಹಾಳೆಯ ಮೇಲೆ ಮಾಡಿ. ಉದಾಹರಣೆಗೆ 40 ಲಕ್ಷ ಸಾಲ, ಬಡ್ಡಿ ಶೇಕಡಾ 11, ಹತ್ತು ವರ್ಷದ ಅವಧಿ. ತಿಂಗಳ ಕಂತು ಸುಮಾರು 55 ಸಾವಿರ. ಓದುವಾಗ ಬಡ್ಡಿ ಕಟ್ಟದೆ ಬಿಟ್ಟು, ಅದು ಎಂಟು ಲಕ್ಷ ಬೆಳೆದು ಅಸಲಿಗೆ ಸೇರಿತೆನ್ನಿ. ಕಂತು 66 ಸಾವಿರದ ಮೇಲೆ. ಈಗ ನಾನು ಮೊದಲು ಹೇಳಿದ ಪರೀಕ್ಷೆ ಇಲ್ಲಿ ಹಚ್ಚಿ. ಹುಡುಗ ವಾಪಸ್ ಬಂದು ಬೆಂಗಳೂರಿನಲ್ಲಿ ತಿಂಗಳಿಗೆ 70 ಸಾವಿರದ ಕೆಲಸ ಹಿಡಿದರೆ ಅವನು ಊಟ ಮಾಡುವುದು ಯಾವುದರಲ್ಲಿ? ಅದೇ 15 ಲಕ್ಷದ ಸಾಲವಾದರೆ ಕಂತು 21 ಸಾವಿರದ ಆಸುಪಾಸು. ಎರಡು ಕೋರ್ಸುಗಳ ನಡುವೆ ಸಣ್ಣ ವ್ಯತ್ಯಾಸವಿದ್ದಾಗ ನಾನು ಯಾವಾಗಲೂ ಸಾಲ ಕಡಿಮೆ ಇರುವ ಕಡೆ ಹೋಗು ಎನ್ನುತ್ತೇನೆ.

ನರಗುಂದ, ರೋಣ, ಶಿರಹಟ್ಟಿ ಕಡೆಯ ರೈತ ಕುಟುಂಬಗಳಿಗೆ ವಿಶೇಷವಾಗಿ ಹೇಳಬೇಕು. ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕು ಕೇಳುವುದು ಮನೆ, ಎನ್.ಎ. ಆದ ಪ್ಲಾಟು, ಠೇವಣಿ. ಹೊಲವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಗ ಕೈಗಡ ತರುತ್ತಾರೆ, ಇಲ್ಲವೇ ಎರೆ ಹೊಲ ಮಾರುತ್ತಾರೆ. ಹೊಲ ಮಾರಿ ಮಾಸ್ಟರ್ಸ್‌ಗೆ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದೆರಡು ವರ್ಷ ಇಲ್ಲೇ ಕೆಲಸ ಮಾಡಿ, ಅನುಭವ ಮತ್ತು ಸ್ವಲ್ಪ ಉಳಿತಾಯ ಎರಡನ್ನೂ ಹಿಡಿದುಕೊಂಡು ಹೋಗುವುದರಲ್ಲಿ ತಡವೇನೂ ಆಗುವುದಿಲ್ಲ. ಪಾರ್ಟ್ ಟೈಮ್ ಕೆಲಸದಿಂದ ಫೀ ಕಟ್ಟುತ್ತೇನೆ ಎಂಬ ಲೆಕ್ಕವನ್ನು ಹಾಳೆಯಿಂದ ಹೊಡೆದುಹಾಕಿ. ಅದು ಸಂತೆ, ಬಸ್ಸಿನ ಖರ್ಚಿಗೆ ಸಾಕಾದರೆ ದೊಡ್ಡದು. ಜರ್ಮನಿಗೆ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ 11,904 ಯೂರೊ ಫೀ ಅಲ್ಲ, ಅದು ತಿಂಗಳಿಗೆ 992ರಂತೆ ನಿಮಗೇ ಮರಳುವ ಹಣ. ಆದರೆ ಮೊದಲೇ ಜೋಡಿಸಬೇಕು. ಯೂರೊಗೆ ನೂರು ರೂಪಾಯಿ ಹಿಡಿದರೂ 12 ಲಕ್ಷದ ಹತ್ತಿರ ಆಗುತ್ತದೆ.

ವಿದ್ಯಾರ್ಥಿವೇತನ ನಮ್ಮಂಥವರಿಗಲ್ಲ ಎಂದು ನಮ್ಮ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಇದು ನನಗೆ ಬಹಳ ಬೇಸರ ತರುವ ಸಂಗತಿ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 125 ಸ್ಥಾನ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್‌ನಲ್ಲಿ ಆಯ್ಕೆಯಾದರೆ ಫೀ ಇಲ್ಲ, ಜೊತೆಗೆ ತಿಂಗಳಿಗೆ 1,400 ಯೂರೊ ಕೊಡುತ್ತಾರೆ, ಕನಿಷ್ಠ ಎರಡು ದೇಶಗಳಲ್ಲಿ ಓದಿಸುತ್ತಾರೆ. ಎರಡು ವರ್ಷ ಕೆಲಸದ ಅನುಭವ ಇದ್ದವರಿಗೆ ಇಂಗ್ಲೆಂಡಿನ ಚೆವನಿಂಗ್ ಇದೆ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಇಂದಿಗೂ ಸಾಲ ರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಇವುಗಳಲ್ಲಿ ಎಷ್ಟೋ ಅರ್ಜಿಗಳು ಕೋರ್ಸು ಶುರುವಾಗುವ ಸುಮಾರು ಒಂದು ವರ್ಷ ಮೊದಲೇ ಮುಚ್ಚುತ್ತವೆ. ಅಂತಿಮ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ನೋಡೋಣ ಎನ್ನುವವರಿಗೆ ಆ ವರ್ಷ ಹೋದಂತೆಯೇ. ಟ್ರಾನ್ಸ್‌ಕ್ರಿಪ್ಟ್‌ಗೆ ವಿಶ್ವವಿದ್ಯಾಲಯದಲ್ಲಿ ಅರ್ಜಿ ಹಾಕಿ ಕೈಗೆ ಬರಲು ವಾರಗಳು ಹಿಡಿಯುತ್ತವೆ, ಪಾಸ್‌ಪೋರ್ಟ್ ಇಲ್ಲದಿದ್ದರೆ ಅದೂ ಬೇರೆ. ಇವೆರಡಕ್ಕೂ ಈ ವಾರವೇ ಅರ್ಜಿ ಹಾಕಿ. ಮಾಡ್ಯೂಲ್ ಪಟ್ಟಿಗಳನ್ನು ಪ್ರಿಂಟ್ ತೆಗೆದುಕೊಂಡು ಅಂಕಪಟ್ಟಿ ಸಮೇತ ನನ್ನ ಕೊಠಡಿಗೆ ಬನ್ನಿ, ಮಧ್ಯಾಹ್ನ ಮೂರರ ನಂತರ ಅಲ್ಲೇ ಇರುತ್ತೇನೆ, ಕೂತು ಓದೋಣ.